ಮಕೆರೆರೆಯಲ್ಲಿ ಸೀಟು ಸಿಕ್ಕಿದೆ, ಬರಲಾ ಅಂತ ಕೇಳಿದ ತಂಗಿಗೆ

ತಂಗಿ, ನಿಮ್ಮ ಪ್ರಶ್ನೆ ಓದಿದೆ. ತುಮಕೂರಿನಲ್ಲಿ ಬಿಡಿಎಸ್ ಮುಗಿಸಿದ್ದೀರಿ, ಉಗಾಂಡಾದ ರಾಜಧಾನಿ ಕಂಪಾಲಾದ ಮಕೆರೆರೆ ವಿಶ್ವವಿದ್ಯಾಲಯದಲ್ಲಿ ಎಂಪಿಎಚ್‌ಗೆ, ಅಂದ್ರೆ ಸಾರ್ವಜನಿಕ ಆರೋಗ್ಯದ ಮಾಸ್ಟರ್ಸ್‌ಗೆ, ಸೀಟು ಸಿಕ್ಕಿದೆ, ಅಪ್ಪ ಮಾತ್ರ "ಓದೋಕೆ ಯಾರಾದ್ರೂ ಆಫ್ರಿಕಾಗೆ ಹೋಗ್ತಾರಾ?" ಅಂತ ಹಟ ಹಿಡಿದಿದ್ದಾರೆ. ಓದು, ಊಟ, ಭದ್ರತೆ, ಆಮೇಲೆ ಕೆಲಸ ಹೇಗೆ ಅಂತ ಕೇಳಿದ್ದೀರಿ. ನಾನು ಇಲ್ಲೇ ಸಂಸಾರ ಕಟ್ಟಿ, ಮಕ್ಕಳನ್ನೂ ಇಲ್ಲೇ ಓದಿಸಿದವಳು.

ಮೊದಲು ಅಪ್ಪನ ಮಾತಿಗೆ ಉತ್ತರ. ಮಕೆರೆರೆ ಶುರುವಾಗಿದ್ದು 1922ರಲ್ಲಿ, ಮರಗೆಲಸ, ಮೆಕ್ಯಾನಿಕ್ ಕೆಲಸ ಕಲಿಸೋ ಶಾಲೆಯಾಗಿ. ಆಮೇಲೆ ಅಧ್ಯಕ್ಷರಾದ ತಾಂಜಾನಿಯಾದ ನ್ಯೆರೆರೆ, ಕೆನ್ಯಾದ ಕಿಬಾಕಿ ಓದಿದ್ದು ಇಲ್ಲೇ. ಆದರೆ ಈ ಹೆಸರು ನೋಡಿಕೊಂಡು ಬರಬೇಡಿ. ನಿಮ್ಮ ವಿಷಯದ ಜೀವ ಇರೋದು ಪಕ್ಕದ ಮುಲಾಗೊ ಗುಡ್ಡದ ಆಸ್ಪತ್ರೆಯಲ್ಲಿ. ಬರ್ಕಿಟ್ ಲಿಂಫೋಮಾ ಅಂತ ನೀವು ಡೆಂಟಲ್ ಕಾಲೇಜಲ್ಲಿ ಓದಿರ್ತೀರಲ್ಲ, ಮಕ್ಕಳ ದವಡೆ ಊದೋ ಕ್ಯಾನ್ಸರ್? ಬರ್ಕಿಟ್ ಅದನ್ನ 1958ರಲ್ಲಿ ಬರೆದಿಟ್ಟಿದ್ದು ಇಲ್ಲಿ ಸರ್ಜನ್ ಆಗಿದ್ದಾಗ. ಹೆರಿಗೆ ಹೊತ್ತಿಗೆ ತಾಯಿಗೊಂದು, ಹುಟ್ಟಿದ ಮಗುವಿಗೊಂದು ಡೋಸ್ ನೆವಿರಪಿನ್ ಔಷಧಿ ಕೊಟ್ಟರೆ ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟೋದು ಸುಮಾರು ಅರ್ಧಕ್ಕೆ ಇಳಿಯುತ್ತೆ ಅಂತ 1999ರಲ್ಲಿ ತೋರಿಸಿದ ಪ್ರಯೋಗವೂ ಕಂಪಾಲಾದ್ದೇ. ಎಬೋಲಾ ಬಂದಾಗ ಹೆಂಗೆ ತಡೆದರು ಅಂತ ಪಾಠ ಮಾಡೋರು, ಆ ಕೆಲಸದಲ್ಲಿ ಓಡಾಡಿದವರೇ ಇರ್ತಾರೆ. ಸಾಂಕ್ರಾಮಿಕ ರೋಗ, ಹಳ್ಳಿ ಆರೋಗ್ಯ ನಿಮ್ಮ ಆಸಕ್ತಿಯಾದರೆ ಲಂಡನ್ನಿನವರೂ ಸಂಶೋಧನೆಗೆ ಇಲ್ಲಿಗೇ ಬರ್ತಾರೆ ಅಂತ ಅಪ್ಪನಿಗೆ ಹೇಳಿ. ಖರ್ಚು ಕಡಿಮೆ ಅನ್ನೋ ಒಂದೇ ಕಾರಣಕ್ಕೆ ಹೊರಟಿದ್ದರೆ ಬೇಡ. ವಿದೇಶಿಯರ ಫೀಸು ಬೇರೆ, ಡಾಲರಿನ ಲೆಕ್ಕ. ರೂಪಾಯಿ ಇಳಿದ ಹಾಗೆಲ್ಲ ಮನೆಯವರಿಗೆ ಬಿಸಿ ತಟ್ಟುತ್ತೆ.

ದಕ್ಷಿಣ ಆಫ್ರಿಕಾನೂ ನೋಡ್ತಿದ್ದೀನಿ ಅಂದಿದ್ದೀರಿ. ಅಲ್ಲಿ ತರಗತಿ ಶುರುವಾಗೋದು ಫೆಬ್ರವರಿ ಸುಮಾರಿಗೆ, ಇಲ್ಲಿ ಆಗಸ್ಟ್. ಅಲ್ಲಿ ಮೂರು ವರ್ಷದ ಡಿಗ್ರಿ ಮೇಲೆ ಒಂದು ವರ್ಷ ಆನರ್ಸ್ ಮಾಡಿದ ಮೇಲೇ ಮಾಸ್ಟರ್ಸ್. ಬಿಎಸ್ಸಿ ಮುಗಿಸಿದ ನಿಮ್ಮ ತಮ್ಮನಿಗೆ ಈ ತೊಡಕು ಬರಬಹುದು. ಇನ್ನು ಎಂಬಿಬಿಎಸ್ ಕೇಳೋ ಕಸಿನ್‌ಗೆ ಒಂದೇ ಮಾತು: ಎಲ್ಲಿ ಓದಿದರೂ ನೀಟ್ ಪಾಸಾಗಿರಲೇಬೇಕು, ಇಲ್ಲದಿದ್ದರೆ ವಾಪಸ್ ಬಂದು ಡಾಕ್ಟರಿಕೆ ಮಾಡೋ ಹಾಗಿಲ್ಲ. ಏಜೆಂಟ್ ಏನೇ ಹೇಳಲಿ.

ಇಲ್ಲಿಯ ಕಷ್ಟ ಇರೋದು ಥೀಸಿಸ್‌ನಲ್ಲಿ. ಕಾಲೇಜಿನ ಎಥಿಕ್ಸ್ ಕಮಿಟಿ ಒಪ್ಪಬೇಕು, ಆಮೇಲೆ ರಾಷ್ಟ್ರೀಯ ವಿಜ್ಞಾನ ತಂತ್ರಜ್ಞಾನ ಮಂಡಳಿಯಲ್ಲಿ ನೋಂದಣಿ ಆಗಬೇಕು. ಹಳ್ಳಿ ಹೆಂಗಸರನ್ನ ಮಾತಾಡಿಸಬೇಕಂದ್ರೆ ಒಪ್ಪಿಗೆ ಪತ್ರ ಇಲ್ಲಿಯ ಲುಗಾಂಡಾ ಭಾಷೆಯಲ್ಲಿರಬೇಕು, ಜೊತೆಗೆ ಭಾಷೆ ಬಲ್ಲ ಸಹಾಯಕಿ ಬೇಕು, ಅವಳಿಗೆ ದಿನಗೂಲಿ ಕೊಡಬೇಕು. ಈ ಖರ್ಚನ್ನ ಯಾರೂ ಮುಂಚೆ ಹೇಳಲ್ಲ. ಮೊದಲ ವರ್ಷದ ರಜೆಯಲ್ಲೇ ಪ್ರಪೋಸಲ್ ಬರೆದಿಡಿ. ಮುಷ್ಕರವೂ ಇದ್ದದ್ದೇ. 2016ರ ನವೆಂಬರಿನಲ್ಲಿ ಉಪನ್ಯಾಸಕರ ಮುಷ್ಕರ, ವಿದ್ಯಾರ್ಥಿಗಳ ಗಲಾಟೆ ಅಂತ ದೇಶದ ಅಧ್ಯಕ್ಷರು ವಿಶ್ವವಿದ್ಯಾಲಯಾನೇ ಮುಚ್ಚಿಸಿದರು, ಬಾಗಿಲು ತೆಗೆದಿದ್ದು ಜನವರಿಯಲ್ಲಿ. ಎರಡು ವರ್ಷದ ಕೋರ್ಸಿಗೆ ಎರಡೂವರೆ ವರ್ಷದ ದುಡ್ಡು ಇಟ್ಟುಕೊಂಡು ಬನ್ನಿ.

ಊಟದ ಚಿಂತೆ ಬಿಡಿ. ಕ್ಯಾಂಪಸ್ ಪಕ್ಕದ ವಾಂಡೆಗೆಯಾದಲ್ಲಿ ಸಂಜೆ ಹೊತ್ತು ಇದ್ದಿಲ ಒಲೆ ಮೇಲೆ ಹಂಚಿಟ್ಟು, ಪ್ಲಾಸ್ಟಿಕ್ ಮಗ್ಗಿನಲ್ಲಿ ಮೊಟ್ಟೆ ಒಡೆದು, ಈರುಳ್ಳಿ, ಟೊಮೆಟೊ, ಕೋಸು ಹೆಚ್ಚಿ ಹಾಕಿ ಕಲಕಿ ಹುಯ್ತಾರೆ. ಮೇಲೊಂದು ಚಪಾತಿ ಒತ್ತಿ, ಮಗುಚಿ, ಸುರುಳಿ ಸುತ್ತಿ ಕೈಗಿಡ್ತಾರೆ. ಅದೇ ರೋಲೆಕ್ಸ್, ಹುಡುಗರ ರಾತ್ರಿ ಊಟ. ಮೊಟ್ಟೆ ತಿನ್ನದಿದ್ದರೆ ಬೀನ್ಸ್, ಕಡಲೇಕಾಯಿ ಸಾರು, ಬೇಯಿಸಿದ ಬಾಳೆಕಾಯಿ ಮಟೋಕೆ. ರಾಗಿ ಇಲ್ಲಿ ಧಾರಾಳ. ಕಾಲೋ ಅಂತ ಮಾಡ್ತಾರೆ, ಮರಗೆಣಸಿನ ಹಿಟ್ಟೂ ಬೆರೆಸೋದ್ರಿಂದ ನಮ್ಮ ಮುದ್ದೆಗಿಂತ ಜಿಗುಟು. ಸಾರು ನೀವೇ ಮಾಡಿಕೊಳ್ಳಿ.

ಭದ್ರತೆ ಅಂದ್ರೆ, ರಾತ್ರಿ ಒಬ್ಬರೇ ಬೋಡಾ ಅನ್ನೋ ಬಾಡಿಗೆ ಬೈಕ್ ಹತ್ತಬೇಡಿ, ರಸ್ತೆಯಲ್ಲಿ ಫೋನ್ ಕೈಯಲ್ಲಿ ಹಿಡಿದು ನಡೀಬೇಡಿ. ಭಾರತೀಯರು ಅಂದ್ರೆ ಅಂಗಡಿ ಸಾಹುಕಾರರು ಅಂತ ಇಲ್ಲಿಯವರ ಲೆಕ್ಕ. 1972ರಲ್ಲಿ ಆಗಿನ ಸರ್ವಾಧಿಕಾರಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಏಷ್ಯನ್ನರನ್ನ ಹೊರಗಟ್ಟಿದ ನೆನಪು ಎರಡೂ ಕಡೆ ಇದೆ. ನಮ್ಮವರು ನಮ್ಮವರ ಜೊತೆಗೇ ಇರೋದು ನನಗಂತೂ ಸರಿ ಕಾಣಲ್ಲ. ಮನೆಗೆಲಸದವರ ಬಗ್ಗೆ ಕೆಲವರು ಆಡೋ ಮಾತು ಕೇಳಿದರೆ ನಾಚಿಕೆಯಾಗುತ್ತೆ. ನೀವು ಕ್ಯಾಂಪಸ್ ಪಕ್ಕದ ಕಿಕೋನಿಯ ಹಾಸ್ಟೆಲಲ್ಲಿ ಸಹಪಾಠಿಗಳ ಜೊತೆ ಇರಿ. ಅವರ ಅಣ್ಣ ತಂಗಿಯರು ಬೆಂಗಳೂರಲ್ಲಿ ಓದಿರ್ತಾರೆ. 2016ರಲ್ಲಿ ತಾಂಜಾನಿಯಾದ ಹುಡುಗಿಗೆ ಬೆಂಗಳೂರಲ್ಲಿ ಗುಂಪು ಹೊಡೆದಿದ್ದನ್ನ ಎತ್ತಿ ಕೇಳ್ತಾರೆ. ಸಬೂಬು ಹೇಳೋಕೆ ಹೋಗಬೇಡಿ.

ಕೆಲಸದ ವಿಷಯ ನೇರವಾಗಿ ಹೇಳ್ತೀನಿ: ಸ್ಟೂಡೆಂಟ್ ಪಾಸ್ ಮೇಲೆ ದುಡಿಯೋ ಹಾಗಿಲ್ಲ, ಓದು ಮುಗಿದ ಮೇಲೆ ವರ್ಕ್ ಪರ್ಮಿಟ್ ಮಾಡಿಸಿಕೊಡೋ ಸಂಸ್ಥೆ ಸಿಕ್ಕಬೇಕು. ಸಂಶೋಧನಾ ಯೋಜನೆಗಳಲ್ಲಿ ಅವಕಾಶ ಇದೆ, ಆದರೆ ಇಲ್ಲಿಯ ಪದವೀಧರರಿಗೇ ಮೊದಲ ಹಕ್ಕು, ಅದು ನ್ಯಾಯವೂ ಹೌದು. ಊರಿಗೆ ಮರಳಿ ಸರ್ಕಾರಿ ಕೆಲಸ ನೋಡೋದಾದರೆ ಈ ಡಿಗ್ರಿ ಭಾರತದ ಡಿಗ್ರಿಗೆ ಸಮ ಅನ್ನೋ ತತ್ಸಮಾನ ಪತ್ರ ಬೇಕಾಗುತ್ತೆ. ಅಂಕಪಟ್ಟಿ, ಪಠ್ಯಕ್ರಮದ ಪ್ರತಿ ಜೋಪಾನ.

ಹಳದಿ ಜ್ವರದ ಲಸಿಕೆ ಹೊರಡೋಕೆ ಹತ್ತು ದಿನ ಮುಂಚೆಯಾದರೂ ಆಗಿರಬೇಕು, ಅದೂ ಸರ್ಕಾರ ಗುರುತಿಸಿದ ಕೇಂದ್ರದಲ್ಲೇ. ಆ ಹಳದಿ ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇರಲಿ. ರಜೆಗೆ ಊರಿಗೆ ಹೋದಾಗ ಬೆಂಗಳೂರು ಏರ್‌ಪೋರ್ಟಲ್ಲೂ ಅದನ್ನ ಕೇಳ್ತಾರೆ.