ಮಗಳನ್ನು ಬಲಿಕೊಟ್ಟ ಪುರಾಣದ ರಾಜ ಎರೆಕ್ಥಿಯಸ್‌ನ ಕಥೆಯ ಬಗ್ಗೆ ಅಥೆನ್ಸಿನವರಿಗೆ ಅಷ್ಟೊಂದು ಹೆಮ್ಮೆ ಏಕೆ?

ಹುಟ್ಟಿದ ಮಣ್ಣಿನ ಋಣ ಹೆತ್ತ ಕರುಳಿಗಿಂತ ದೊಡ್ಡದು ಎಂದು ಆ ಕಥೆ ಹೇಳುತ್ತಿತ್ತು, ಅದಕ್ಕೆ.

ಸಮುದ್ರದೇವ ಪೊಸೈಡನ್‌ನ ಮಗ ಯೂಮಾಲ್ಪಸ್, ಗ್ರೀಸಿನ ಉತ್ತರಕ್ಕಿದ್ದ ಥ್ರೇಸಿನ ದಂಡು ಕಟ್ಟಿಕೊಂಡು ಅಥೆನ್ಸಿನ ಮೇಲೆ ಬಂದಾಗ, ರಾಜ ಎರೆಕ್ಥಿಯಸ್ ಮಗಳನ್ನು ಬಲಿಕೊಟ್ಟರೆ ಗೆಲುವು ಎಂದು ದೈವವಾಣಿಯಾಗುತ್ತದೆ. ಈ ಕಥೆಯನ್ನಾಧರಿಸಿದ ಗ್ರೀಕ್ ನಾಟಕಕಾರ ಯೂರಿಪಿಡೀಸನ ನಾಟಕದಲ್ಲಿ ಇದನ್ನು ಗಟ್ಟಿದನಿಯಲ್ಲಿ ಸಮರ್ಥಿಸುವವಳು ತಾಯಿ ಪ್ರಾಕ್ಸಿಥಿಯಾ! ಅವಳ ವಾದ ಇಷ್ಟು: ನಾವು ಎಲ್ಲಿಂದಲೋ ವಲಸೆ ಬಂದವರಲ್ಲ, ಈ ನೆಲದಲ್ಲೇ ಹುಟ್ಟಿದವರು, ಗಂಡುಮಕ್ಕಳಿದ್ದಿದ್ದರೆ ಯುದ್ಧಕ್ಕೆ ಕಳಿಸುತ್ತಿರಲಿಲ್ಲವೇ? ಮಣ್ಣಿನ ಮಕ್ಕಳೆಂಬ ಈ ನಂಬಿಕೆಯೇ ಅಥೆನ್ಸಿನ ಗುರುತಾಗಿತ್ತು.

ಕ್ರಿ.ಪೂ. 338ರಲ್ಲಿ ಮ್ಯಾಸಿಡೋನಿಯಾದ ಎದುರು ಅಥೆನ್ಸ್ ಸೋತ ನಂತರ ಊರುಬಿಟ್ಟು ಓಡಿದ್ದ ಅಥೆನ್ಸಿನವನೇ ಆದ ಲಿಯೋಕ್ರಟೀಸ್‌ನ ವಿರುದ್ಧ, 330ರ ಮೊಕದ್ದಮೆಯಲ್ಲಿ, ಅಥೆನ್ಸಿನ ವಾಗ್ಮಿ ಲೈಕರ್ಗಸ್ ಪ್ರಾಕ್ಸಿಥಿಯಾಳ ಮಾತಿನ 55 ಸಾಲುಗಳನ್ನೇ ಉದ್ಧರಿಸಿದ. ಹೆಣ್ಣಿಗೇ ಇಷ್ಟು ಧೈರ್ಯವಿರುವಾಗ ಗಂಡಸರಿಗೆ ಬೇಡವೇ ಎಂಬುದು ಅವನ ಚುಚ್ಚುಮಾತು. ಆದರೂ ಆರೋಪಿ ಕೂದಲೆಳೆಯಲ್ಲಿ ಪಾರಾದ.