ತರಬೇತಿಯಲ್ಲಿರುವ ಕೌನ್ಸೆಲರ್ ಬಳಿ ಗಂಡ ಹೆಂಡತಿ ಹೋಗಬಹುದೇ?

ಪ್ರಶ್ನೆ: ಮದುವೆಯಾಗಿ ಒಂಬತ್ತು ವರ್ಷ. ದಿನ ಬೆಳಗಾದರೆ ಜಗಳ. ಆಪ್ತಸಲಹಾ ಕೇಂದ್ರಕ್ಕೆ ಹೋದರೆ ಇನ್ನೂ ತರಬೇತಿಯಲ್ಲಿರುವ, ಮದುವೆಯಾಗದ ಹುಡುಗಿಯ ಬಳಿ ಕಳಿಸಿದರು. ಶುಲ್ಕವೇನೋ ಕಡಿಮೆ. ಆಕೆಗೆ ಸಂಸಾರದ ಕಷ್ಟ ಏನು ಗೊತ್ತು?
– ಹೆಸರು ಬೇಡ, ದಾವಣಗೆರೆ

ಉತ್ತರ: ಮದುವೆಯ ಮಾತು ಬಿಡಿ, ಆಕೆಯ ಹಿಂದೆ ಯಾರಿದ್ದಾರೆ ಕೇಳಿ. ಮೇಲ್ವಿಚಾರಕರು ಯಾರು? ನಿಮ್ಮ ವಿಷಯವನ್ನು ಅವರ ಜೊತೆ ಎಷ್ಟು ದಿನಕ್ಕೊಮ್ಮೆ ಚರ್ಚಿಸುತ್ತಾರೆ? ಮಾತುಕತೆ ರೆಕಾರ್ಡ್ ಮಾಡುವುದಾದರೆ ಲಿಖಿತ ಒಪ್ಪಿಗೆ ಪಡೆಯುತ್ತಾರೆಯೇ? ಇದಕ್ಕೆಲ್ಲ ತಡವರಿಸಿದರೆ ಬೇರೆ ಕಡೆ ನೋಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿಕೊಂಡವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಅದನ್ನೂ ಕೇಳಬಹುದು, ಸಂಕೋಚ ಬೇಡ.

ಹೊಸಬರು ಎಡವುವ ಜಾಗ ಬೇರೆಯೇ ಇದೆ. ಒಬ್ಬರೇ ಬಂದಾಗ ಸಮಾಧಾನದಿಂದ ಕೇಳಿಸಿಕೊಳ್ಳುವುದೇ ಅರ್ಧ ಕೆಲಸ. ಅದನ್ನೇ ದಂಪತಿಯ ಮುಂದೆ ಮಾಡಿದರೆ ಕೆಡುತ್ತದೆ: ಹೆಂಡತಿ ಇಪ್ಪತ್ತು ನಿಮಿಷ ಅತ್ತು ಹೇಳಿಕೊಳ್ಳುವಷ್ಟರಲ್ಲಿ ಗಂಡ ಕಟಕಟೆಯಲ್ಲಿ ನಿಂತಂತಾಗಿ, ಮುಂದಿನ ವಾರ ಬರುವುದೇ ಇಲ್ಲ. ಹಾಗಾಗಿ ನಿಮ್ಮ ಕೌನ್ಸೆಲರ್ ನಾಲ್ಕೈದು ನಿಮಿಷಕ್ಕೊಮ್ಮೆ ಮಾತನ್ನು ಇನ್ನೊಬ್ಬರತ್ತ ತಿರುಗಿಸುತ್ತಿದ್ದರೆ ಅದು ಅವಸರವಲ್ಲ, ಕಲಿತ ವಿದ್ಯೆ.

ಇಡೀ ಒಂಬತ್ತು ವರ್ಷ ಕೆದಕುವವರಿಗಿಂತ ಒಂದೇ ಜಗಳವನ್ನು ನಿಧಾನವಾಗಿ ಬಿಡಿಸುವವರು ಮೇಲು. ಉದಾಹರಣೆಗೆ, ‘ಈಗ ಬಂದ್ರಾ?’ ಎಂದು ನಿಮ್ಮ ಸಂಗಾತಿ ಕೇಳಿದರು, ನೀವು ಟಿವಿ ಹಾಕಿದಿರಿ. ಆ ಪ್ರಶ್ನೆ ನಿಮಗೆ ಹೇಗೆ ಕೇಳಿಸಿತು? ಟಿವಿ ಹಾಕಿದ್ದು ಅವರಿಗೆ ಏನು ಹೇಳಿತು? ಒಬ್ಬರು ಬೆನ್ನು ಹತ್ತಿದಷ್ಟೂ ಇನ್ನೊಬ್ಬರು ಹಿಂದೆ ಸರಿಯುತ್ತಾರೆ. ಸರಿದಷ್ಟೂ ಬೆನ್ನು ಹತ್ತುತ್ತಾರೆ. ಈ ಸುತ್ತು ಇಬ್ಬರಿಗೂ ಕಾಣುವಂತೆ ಮಾಡುವುದು ಮೊದಲ ಕೆಲಸ. ತಪ್ಪು ಯಾರದೆಂದು ತೀರ್ಪು ಕೊಡುವುದು ಪಂಚಾಯಿತಿ ಕಟ್ಟೆಯ ಕೆಲಸ, ಅದಕ್ಕೆ ಶುಲ್ಕ ಕೊಡಬೇಕಿಲ್ಲ.

ಮನೆಯಲ್ಲಿ ಮಾಡಬಹುದಾದದ್ದೂ ಒಂದಿದೆ. ಜಗಳ ಏರಿ ಎದೆಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗಿಳಿಯುವುದಿಲ್ಲ ಎನ್ನುತ್ತಾರೆ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್. ಕನಿಷ್ಠ 20 ನಿಮಿಷ ಬಿಡುವು ಬೇಕು. ಆದರೆ ‘ಎಂಟೂವರೆಗೆ ಮಾತಾಡೋಣ’ ಎಂದು ಹೇಳಿಯೇ ಎದ್ದು ಹೋಗಿ. ಹೇಳದೆ ಹೋದರೆ ಅದು ಬಿಡುವಲ್ಲ, ಇನ್ನೊಂದು ಜಗಳದ ಬೀಜ.

ಪ್ರಶ್ನೆ: ಒಬ್ಬೊಬ್ಬರನ್ನೇ ಕರೆದು ಮಾತಾಡುತ್ತಾರಂತೆ. ನಾನು ಹೇಳಿದ್ದು ಯಜಮಾನರಿಗೆ ತಿಳಿದರೆ?
– ಒಬ್ಬ ಗೃಹಿಣಿ, ಹಾಸನ

ಉತ್ತರ: ಬಾಯಿ ಬಿಡುವ ಮೊದಲೇ ನಿಯಮ ಕೇಳಿ. ‘ದಂಪತಿಯ ನಡುವೆ ಗುಟ್ಟು ಇಟ್ಟುಕೊಳ್ಳುವುದಿಲ್ಲ’ ಎನ್ನುವವರಿದ್ದಾರೆ. ‘ಹೇಳುವುದು ಬಿಡುವುದು ನಿಮಗೆ ಸೇರಿದ್ದು’ ಎನ್ನುವವರೂ ಇದ್ದಾರೆ. ಯಾವುದಾದರೂ ಸರಿ, ಇಬ್ಬರಿಗೂ ಮೊದಲೇ ಗೊತ್ತಿರಬೇಕು. ಇದನ್ನು ತಿಳಿಸದೆ ಒಬ್ಬರ ಬೇರೆ ಸಂಬಂಧದ ಗುಟ್ಟು ಹೊತ್ತುಕೊಂಡ ಹೊಸಬರಿಗೆ ಮುಂದೆ ಹೆಜ್ಜೆ ಇಡಲು ದಾರಿಯಿರುವುದಿಲ್ಲ.

ಪ್ರತ್ಯೇಕವಾಗಿ ಕರೆಯುವುದಕ್ಕೆ ಇನ್ನೊಂದು ಕಾರಣ, ಹೊಡೆತ ಬಡಿತ, ಭಯ ಇದೆಯೇ ಎಂದು ತಿಳಿಯುವುದು. ಗಂಡನ ಎದುರು ಹೆಂಡತಿ ‘ಇಲ್ಲ’ ಎಂದೇ ಹೇಳಿಯಾಳು. ಇದೆ ಎಂದಾದರೆ ಜೊತೆಯಾಗಿ ಕೂರಿಸಬಾರದು. ಕೋಣೆಯಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಏಟು ಬೀಳುತ್ತದೆ. ನಿಮಗೆ ಆ ಭಯವಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಬದುಕು ಬೇಡವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಅತ್ತೆಯವರೂ ಜೊತೆಗೆ ಬರುತ್ತೇನೆ ಎನ್ನುತ್ತಿದ್ದಾರೆ.
– ಒಬ್ಬ ಓದುಗರು, ಶಿರಸಿ

ಉತ್ತರ: ಮೊದಲ ಕೆಲವು ಭೇಟಿಗೆ ಬೇಡ. ಆಮೇಲೆ ನೀವಿಬ್ಬರೂ ಒಪ್ಪಿದರೆ, ಯಾವ ವಿಷಯಕ್ಕೆಂದು ಗೊತ್ತು ಮಾಡಿಕೊಂಡು, ಒಂದು ಸಲ ಕರೆಯಬಹುದು.