‘ಸಹಿ ಮಾಡೀನ್ರಿ, ಇನ್ನೇನ್ ಕೇಳೂದು?’ – ಜವಳಿ ಅಂಗಡಿಯ ಕೆಲಸಗಾರ್ತಿಯ ಪ್ರಕರಣ

ಹುಬ್ಬಳ್ಳಿಯ ಜವಳಿ ಅಂಗಡಿಯೊಂದರಲ್ಲಿ ಮೂರು ವರ್ಷದಿಂದ ಸೀರೆ ತೋರಿಸುವ ಕೆಲಸದಲ್ಲಿರುವ ಮಹಿಳೆ. ಅಂಗಡಿಯಲ್ಲಿ ಎಂಟು ಜನ. ಗುರುತು ಸಿಗುವ ವಿವರಗಳನ್ನು ಬದಲಿಸಿದೆ. ನಿದ್ದೆ ಇಲ್ಲ, ಮಕ್ಕಳ ಮೇಲೆ ರೇಗುತ್ತೇನೆ ಎಂದು ನಮ್ಮ ಬಳಿ ಸಲಹೆಗೆ ಬಂದವರು.

ಎರಡನೇ ಭೇಟಿಯಲ್ಲಿ ದಿನಚರಿ ಕೇಳಿದಾಗ ಮೂಲ ಸಿಕ್ಕಿತು. ಬೆಳಿಗ್ಗೆ 10ರಿಂದ ರಾತ್ರಿ 9, ವಾರಕ್ಕೆ ಆರು ದಿನ. ಊಟಕ್ಕೆ ಬಿಡುವುದು 3.30ಕ್ಕೆ, ಅರ್ಧ ಗಂಟೆ. ಹತ್ತು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಕಡಿತ. ಸಂಬಳ 15,600 ರೂಪಾಯಿ, ಕೈಗೆ ಬರುವುದು 15ನೇ ತಾರೀಕಿಗೆ. ಬಾಡಿಗೆ 5ಕ್ಕೆ, ಸಂಘದ ಕಂತು 10ಕ್ಕೆ. ನಡುವಿನ ದಿನಗಳು ಪ್ರತಿ ತಿಂಗಳೂ ಕೈಸಾಲದಲ್ಲಿ ಕಳೆಯುತ್ತವೆ. ರೇಗಾಟ ಹೆಚ್ಚುವುದೂ ಆಗಲೇ.

ಕರಾರು ಪತ್ರದಲ್ಲಿ ‘ಅಂಗಡಿಯ ಅಗತ್ಯದಂತೆ ದುಡಿಯುತ್ತೇನೆ, ಹೆಚ್ಚಿನ ವೇತನ ಕೇಳುವುದಿಲ್ಲ’ ಎಂಬ ಸಾಲಿದೆ. ಅದರ ಕೆಳಗೆ ಸಹಿ ಹಾಕಿದ ಮೇಲೆ ಬಾಯಿ ಬಿಡುವ ಹಕ್ಕಿಲ್ಲ ಎಂದೇ ಅವರು ನಂಬಿದ್ದರು. ಅದು ನಿಜವಲ್ಲ ಎಂದು ತಿಳಿಸುವುದು ಮೊದಲ ಕೆಲಸವಾಯಿತು. ಕಾನೂನು ಕೊಟ್ಟದ್ದನ್ನು ಕರಾರಿನ ಸಾಲು ಕಿತ್ತುಕೊಳ್ಳಲಾರದು.

ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಂತೆ ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆ. ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸುವಂತಿಲ್ಲ. ಅಷ್ಟರೊಳಗೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು. ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿದೆವು: ದಿನಕ್ಕೆ ಹತ್ತೂವರೆ ಗಂಟೆ, ವಾರಕ್ಕೆ 63; ಹೆಚ್ಚುವರಿ 15. ಸಂಬಳವನ್ನು 26 ದಿನಕ್ಕೂ ಎಂಟು ಗಂಟೆಗೂ ಭಾಗಿಸಿದರೆ ಗಂಟೆಗೆ 75 ರೂಪಾಯಿ. ಓಟಿಗೆ (ಹೆಚ್ಚುವರಿ ಗಂಟೆಗಳ ದುಡಿಮೆಗೆ) ದುಪ್ಪಟ್ಟು, ಅಂದರೆ ವಾರಕ್ಕೆ 2,250. ಹಾಗೆಂದು ದುಪ್ಪಟ್ಟು ಕೊಟ್ಟರೆ ಸರಿಹೋಗದು: ಓಟಿ ಮೂರು ತಿಂಗಳಿಗೆ 50 ಗಂಟೆ ದಾಟಬಾರದು, ಇಲ್ಲಿ ನಾಲ್ಕೇ ವಾರಕ್ಕೆ ದಾಟುತ್ತದೆ.

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಸಿಗಬೇಕು. ಗೈರಾದ ಹೊತ್ತಿಗಷ್ಟೇ ಕಡಿತ. ಹತ್ತು ನಿಮಿಷಕ್ಕೆ ಅರ್ಧ ದಿನ ಅಲ್ಲ.

ದೂರು ಕೊಡಿ ಎಂದು ಒತ್ತಾಯಿಸಲಿಲ್ಲ. ಕೆಲಸ ಹೋದರೆ ಮನೆ ನಡೆಯದು ಎಂಬ ಅವರ ಭಯ ಸುಳ್ಳಲ್ಲ. ಆರು ತಿಂಗಳು ಸೇವೆ ಮುಗಿಸಿದವರನ್ನು ಸೂಕ್ತ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ತೆಗೆಯುವಂತಿಲ್ಲ ಎಂದು ಹೇಳಿದೆವು. ಆದರೂ ಗಟ್ಟಿ ಧೈರ್ಯಕ್ಕೆ ಕಾಗದ ಬೇಕು. ಆರು ವಾರ ಒಂದು ನೋಟ್‌ಬುಕ್‌ನಲ್ಲಿ ದಿನವೂ ನಾಲ್ಕು ಸಮಯ ಬರೆಯಲು ಹೇಳಿದೆವು: ಬಂದದ್ದು, ಊಟಕ್ಕೆ ಎದ್ದದ್ದು, ಮರಳಿದ್ದು, ಹೊರಟದ್ದು. ವಾರದ ಕೊನೆಗೆ ನೆನಪಿನಿಂದ ತುಂಬಿಸಿದ ಪುಟವನ್ನು ಯಾರೂ ನಂಬುವುದಿಲ್ಲ, ಆಯಾ ದಿನವೇ ಬರೆಯಬೇಕು. ಪಾಸ್‌ಬುಕ್ ನಮೂದು, ಕರಾರು ಪತ್ರದ ಫೋಟೊ ಮನೆಯಲ್ಲಿರಲಿ, ಅಂಗಡಿಯಲ್ಲಿ ಬೇಡ.

ಎಲ್ಲವನ್ನೂ ಒಟ್ಟಿಗೆ ಕೇಳುವುದರಿಂದಲೇ ಇಂಥ ಮಾತುಕತೆ ಮುರಿಯುವುದು. ಮೊದಲು ಊಟದ ಗಂಟೆ, ಜೊತೆಗೆ ಸಂಬಳದ ತಾರೀಕು. ಮಾಲಕರಿಗೆ ಇವೆರಡರಿಂದ ಹಣದ ಹೊರೆ ಕಡಿಮೆ. ಒಬ್ಬರೇ ಹೋಗದೆ ನಾಲ್ವರು ಸಹಿ ಮಾಡಿದ ಪತ್ರ ಕೊಟ್ಟು, ಪ್ರತಿಯ ಮೇಲೆ ‘ತಲುಪಿದೆ’ ಎಂದು ಬರೆಸಿಕೊಳ್ಳಬೇಕು. ಒಪ್ಪದಿದ್ದರೆ ಆ ಪ್ರತಿ, ನೋಟ್‌ಬುಕ್ ಹಿಡಿದು ಕಾರ್ಮಿಕ ನಿರೀಕ್ಷಕರ ಬಳಿ.

ಐದನೇ ಭೇಟಿಯ ಹೊತ್ತಿಗೆ ಊಟದ ಬಿಡುವು 1ರಿಂದ 3ರ ನಡುವೆ ಎರಡು ಸರದಿಯಲ್ಲಿ, ತಲಾ ಒಂದು ಗಂಟೆಯಾಗಿತ್ತು. ಸಂಬಳ 7ಕ್ಕೆ ಬಂತು. ಬಾಡಿಗೆಯನ್ನು 8ಕ್ಕೆ ಕೊಡಲು ಮನೆಯ ಮಾಲಕರನ್ನು ಅವರೇ ಒಪ್ಪಿಸಿದ್ದರು. ನಿದ್ದೆ ಸುಧಾರಿಸುತ್ತಿದೆ. ಓಟಿಯ ಪತ್ರ ದೀಪಾವಳಿ ವ್ಯಾಪಾರಕ್ಕೆ ಮುಂಚೆ ಹೋಗಲಿದೆ. ನೋಟ್‌ಬುಕ್ ಇನ್ನೂ ಬರೆಯುತ್ತಿದ್ದಾರೆ.